ಗಡಿಯಾಚೆಯ ಲೆಗಸಿ ವ್ಯಾಗನ್ ಕೊಳ್ಳಬಹುದೇ?

ಪ್ರಶ್ನೆ: ಗೋಣಿಕೊಪ್ಪಲು ಹತ್ತಿರ ನಮ್ಮ ಕಾಫಿ ತೋಟ. ಮನೆಯಲ್ಲಿ ನಾಲ್ವರು, ಜೊತೆಗೆ ಎರಡು ನಾಯಿ. ವಾರಕ್ಕೊಮ್ಮೆ ಮೈಸೂರಿಗೆ ಓಡಾಟ. ಎಸ್‌ಯುವಿ ಬೇಡ, ಓಡಿಸಲು ಖುಷಿ ಕೊಡುವ ವ್ಯಾಗನ್ (ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ತಗ್ಗು ಕಾರು) ಬೇಕು ಅಂತ ಬಹಳ ದಿನದ ಆಸೆ. ಕಣ್ಣೂರು ಕಡೆಯವರೊಬ್ಬರು 1999ರ ಸುಬಾರು ಲೆಗಸಿ ಜಿಟಿ-ಬಿ ವ್ಯಾಗನ್ 24 ಲಕ್ಷಕ್ಕೆ ಕೊಡುತ್ತಾರಂತೆ. ಜಪಾನಿನಿಂದ ಬಂದದ್ದು, ಹಿಮಾಚಲದ ನೋಂದಣಿ. ನ್ಯೂಜಿಲೆಂಡ್‌ನಲ್ಲಿರುವ ನಮ್ಮ ಭಾವ, 'ಇಲ್ಲಿ ಇವು ಬೀದಿಗೊಂದು ಸಿಗುತ್ತವೆ, ಅಷ್ಟು ದುಡ್ಡು ಯಾಕೆ ಕೊಡ್ತೀಯ, ಜಪಾನಿನಿಂದ ಸುಬಾರುವಿನದೇ ಹೊಸ ವ್ಯಾಗನ್ ಲೆವೋರ್ಗ್ ತರಿಸು' ಅನ್ನುತ್ತಾರೆ. ಬೆಂಗಳೂರಿನಲ್ಲಿ 2005ರ ಷೆವರ್ಲೆ ಫಾರೆಸ್ಟರ್ ಒಂದು ನಾಲ್ಕು ಲಕ್ಷಕ್ಕಿದೆ. ಯಾವುದನ್ನು ಕೊಳ್ಳಲಿ?

ಉತ್ತರ: ಲೆಗಸಿಗೆ ಈಗಲೇ ಮುಂಗಡ ಕೊಡಬೇಡಿ. ಲೆವೋರ್ಗ್ ತರಿಸುವ ಯೋಚನೆ ಬಿಡಿ. ಫಾರೆಸ್ಟರ್ ನೋಡಿಕೊಂಡು ಬನ್ನಿ, ಆದರೆ ಮುಂದೆ ಹೇಳುವ ಪರೀಕ್ಷೆಗಳು ಮುಗಿಯುವ ತನಕ ಅದಕ್ಕೂ ದುಡ್ಡು ಬಿಚ್ಚಬೇಡಿ.

ಲೆಗಸಿ ಜಿಟಿ-ಬಿ ಕೆಟ್ಟ ಕಾರು ಅಂತ ಹೀಗೆ ಹೇಳುತ್ತಿಲ್ಲ. 1998ರಿಂದ 2003ರ ತನಕ ಜಪಾನಿನಲ್ಲಿ ಮಾರಿದ ಮೂರನೇ ತಲೆಮಾರಿನ ಲೆಗಸಿ ಇದು. ಬಲ್ಲವರು ಬಿಎಚ್5 ಅನ್ನುತ್ತಾರೆ. ಎರಡು ಲೀಟರ್‌ನ ಬಾಕ್ಸರ್ ಇಂಜಿನ್, ಅಂದರೆ ನಾಲ್ಕು ಸಿಲಿಂಡರ್‌ಗಳು ಎಡಕ್ಕೆರಡು ಬಲಕ್ಕೆರಡು ಮಲಗಿರುತ್ತವೆ. ಅದಕ್ಕೆ ಎರಡು ಟರ್ಬೊ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪು. ಮ್ಯಾನ್ಯುಯಲ್ ಗೇರಿನದಕ್ಕೆ 280 ಪಿಎಸ್ (ಅಶ್ವಶಕ್ತಿ), ಆಟೊಮ್ಯಾಟಿಕ್‌ಗೆ 260. ಹೆಸರಿನ ಕೊನೆಯ 'ಬಿ' ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್‌ನದು. ನಾಲ್ಕೂ ಚಕ್ರಕ್ಕೆ ಸದಾ ಬಲ ಹೋಗುತ್ತದೆ. ಇಂಜಿನ್ ತಗ್ಗಿನಲ್ಲಿ ಕೂತಿರುವುದರಿಂದ ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಕಾರು ವಾಲುವುದು ಕಡಿಮೆ. ಅಗಲ 1,695 ಮಿ.ಮೀ. ಮಾತ್ರ, ತೋಟದ ದಾರಿಗೂ ಒಪ್ಪುವಂಥದ್ದು. ನಿಮ್ಮ ಆಸೆ ಸರಿಯಾದ ಕಾರಿನ ಮೇಲೇ ಬಿದ್ದಿದೆ. ತೊಡಕಿರುವುದು ಅದು ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ.

ಭಾವ ಹೇಳುವುದು ಅವರಿರುವ ಊರಿನ ಮಟ್ಟಿಗೆ ನಿಜ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ಕಡ್ಡಾಯ ತಪಾಸಣೆ ಇದೆ. ಅದರ ಖರ್ಚು ಜಾಸ್ತಿ, ಹಾಗಾಗಿ ಚೆನ್ನಾಗಿರುವ ಕಾರನ್ನೂ ಜನ ಹರಾಜಿಗೆ ಬಿಡುತ್ತಾರೆ. ನ್ಯೂಜಿಲೆಂಡ್, ಬ್ರಿಟನ್‌ಗಳಲ್ಲೂ ಸ್ಟೀರಿಂಗ್ ಬಲಕ್ಕೇ ಇರುವುದರಿಂದ ಅಲ್ಲಿಗೆ ಸಲೀಸಾಗಿ ಹೋಗುತ್ತವೆ. ನಮ್ಮಲ್ಲಿ ಹಾಗಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು, ಹಡಗು ಹತ್ತುವ ಮುನ್ನ ಪರೀಕ್ಷೆಯಾಗಿರಬೇಕು, ಇಳಿದ ಮೇಲೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮತ್ತೆ ಆಗಬೇಕು. ಈಗ ಬಿಎಸ್6 ಹೊಗೆ ನಿಯಮವೂ ಸೇರಿದೆ. ಹಳೆಯ ಕಾರಿಗೆ ವಿಂಟೇಜ್ ರಿಯಾಯಿತಿ ಇದೆ ಅಂತ ಯಾರಾದರೂ ಹೇಳಿದರೆ, ಅದು 50 ವರ್ಷ ಮೀರಿದ ಕಾರುಗಳಿಗೆ, 1999ರದ್ದಕ್ಕೆ ಸಂಬಂಧವಿಲ್ಲ.

ಇದರಿಂದ ಹುಟ್ಟುವ ಒಂದು ಸರಳ ಲೆಕ್ಕವನ್ನು ನೀವು ಮನೆಯಲ್ಲೇ ಕೂತು ಮಾಡಬಹುದು. 1999ರಲ್ಲಿ ತಯಾರಾದ ಕಾರು ಬಳಸಿದ ಕಾರಾಗಿ ನ್ಯಾಯವಾಗಿ ಬಂದಿರಬೇಕಾದರೆ 2002ರ ಒಳಗೇ ಬಂದಿರಬೇಕು. ಆರ್‌ಸಿಯಲ್ಲಿ ಎರಡು ದಿನಾಂಕ ನೋಡಿ: ತಯಾರಾದ ವರ್ಷ, ಮೊದಲ ನೋಂದಣಿಯ ದಿನ. ತಯಾರಿ 1999, ನೋಂದಣಿ 2014 ಎಂದಿದ್ದರೆ ನಡುವಿನ 15 ವರ್ಷ ಆ ಕಾರು ಎಲ್ಲಿತ್ತು ಎಂಬುದಕ್ಕೆ ಕಾಗದದಲ್ಲೇ ಉತ್ತರ ಸಿಗಬೇಕು. ಮಾಲೀಕರ ಮಾತು ಸಾಲದು.

ಎರಡನೆಯದು ಚಾಸಿ ನಂಬರ್. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ, ಆದ್ದರಿಂದ ಬಿಡಿಸಿ ಹೇಳುತ್ತೇವೆ. ಜಪಾನಿನ ಒಳಮಾರುಕಟ್ಟೆಗೆ ತಯಾರಾದ ಕಾರುಗಳಲ್ಲಿ ನಮಗೆ ಪರಿಚಿತವಾದ 17 ಅಕ್ಷರಗಳ ಸಂಖ್ಯೆ ಇರುವುದಿಲ್ಲ. ಮಾದರಿಯ ಹೆಸರು, ಒಂದು ಅಡ್ಡಗೆರೆ, ಆಮೇಲೆ ಅಂಕಿ, ಇಷ್ಟೇ. ಲೆಗಸಿಯಾದರೆ 'ಬಿಎಚ್5' ಎಂದು ಶುರುವಾಗಿ ಅಡ್ಡಗೆರೆಯ ಆಚೆ ಅಂಕಿಗಳಿರುತ್ತವೆ. ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ ಇದನ್ನು ಒತ್ತಿರುತ್ತಾರೆ. ಆರ್‌ಸಿಯಲ್ಲಿ 17 ಅಕ್ಷರಗಳಿದ್ದು, ಅದೂ 'ಎಂಎ' ಎಂದು ಶುರುವಾದರೆ ಅದು ಭಾರತದಲ್ಲಿ ತಯಾರಾದ ಬೇರೆ ಯಾವುದೋ ಕಾರಿನ ಗುರುತು. 'ಜೆಎಫ್1' ಎಂದು ಶುರುವಾದರೆ ಸುಬಾರು ಹೊರದೇಶಗಳಿಗೆಂದು ಮಾಡಿದ ಕಾರಿನದು. ಆಗ ಕಾರು ಜಿಟಿ-ಬಿ ಅಲ್ಲ, ಅಥವಾ ಆರ್‌ಸಿ ಈ ಕಾರಿನದಲ್ಲ. ಒತ್ತಿದ ಅಕ್ಷರಗಳ ಸುತ್ತ ಹೊಸ ಬಣ್ಣ, ಉಜ್ಜಿದ ಗುರುತು, ವೆಲ್ಡಿಂಗ್ ಗೆರೆ ಕಂಡರೆ ಅಲ್ಲಿಂದಲೇ ಹಿಂತಿರುಗಿ.

ಮೂರನೆಯದು ಬಿಲ್ ಆಫ್ ಎಂಟ್ರಿ: ಬಂದರಿನಲ್ಲಿ ಕಸ್ಟಮ್ಸ್‌ಗೆ ಸಲ್ಲಿಸಿದ ಪತ್ರ. ಅದರ ಜೊತೆ ಸುಂಕ ಕಟ್ಟಿದ ರಸೀದಿ, ಜಪಾನಿನ ರಫ್ತು ಪತ್ರ ಇರಬೇಕು. ಮೂರರಲ್ಲೂ ಚಾಸಿ ನಂಬರ್ ಒಂದೇ ಆಗಿರಬೇಕು. ಕಾರು ರಾಯಭಾರ ಕಚೇರಿಯೊಂದರಿಂದ ಬಂದದ್ದು ಅಂದರೆ ಮಾರಾಟಕ್ಕೆ ಸಿಕ್ಕ ಅನುಮತಿ, ಆಗ ಕಟ್ಟಿದ ಸುಂಕದ ಕಾಗದ ಕೇಳಿ. ಕಾರ್ನೆ ಎಂಬ ಪ್ರವಾಸಿ ಪರವಾನಗಿಯಲ್ಲಿ ಬಂದ ಕಾರಾದರೆ ಅದನ್ನು ಮಾರುವಂತೆಯೇ ಇಲ್ಲ, ಹೊರಗೆ ಹೋಗಲೇಬೇಕು. ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಬರುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಎಂಬ ಮಾತಿಗೆ ಮರುಳಾಗಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಮ್ಖೋರ್' ಹೆಸರಿನಲ್ಲಿ ಕೇರಳದಾದ್ಯಂತ ಹುಡುಕಾಟ ನಡೆಸಿ ಹಲವು ಕಾರುಗಳನ್ನು ವಶಕ್ಕೆ ಪಡೆದರು. ಭೂತಾನಿನ ದಾರಿಯಲ್ಲಿ ತಂದು, ನಕಲಿ ಕಾಗದದ ಮೇಲೆ ಹಿಮಾಚಲದಂಥ ರಾಜ್ಯಗಳಲ್ಲಿ ನೋಂದಾಯಿಸಿ, ಆಮೇಲೆ ದಕ್ಷಿಣಕ್ಕೆ ಇಳಿಸಿದ್ದಾರೆ ಎಂಬುದು ಅವರ ಆರೋಪ. ಆ ಕಾರುಗಳಿಗೂ ಆರ್‌ಸಿ ಇತ್ತು. ನಿಮಗೆ ತೋರಿಸಿರುವ ಕಾರು ಅಂಥದ್ದೇ ಅಂತ ನಾವು ಹೇಳುತ್ತಿಲ್ಲ. ಹಿಮಾಚಲದ ನೋಂದಣಿ, ಕೇರಳದಲ್ಲಿ ಮಾರಾಟ, ಹಳೆಯ ಜಪಾನಿ ಕಾರು ಈ ಮೂರೂ ಕೂಡಿದಾಗ ಬಿಲ್ ಆಫ್ ಎಂಟ್ರಿ ಇಲ್ಲದೆ ಒಂದು ರೂಪಾಯಿಯೂ ಕೈ ಬದಲಾಗಬಾರದು. ಕಳ್ಳದಾರಿಯಲ್ಲಿ ಬಂದ ಸರಕನ್ನು 1962ರ ಕಸ್ಟಮ್ಸ್ ಕಾಯ್ದೆಯ 111ನೇ ಕಲಮಿನಡಿ ಮುಟ್ಟುಗೋಲು ಹಾಕಬಹುದು. ಕೊಂಡವರು ತಿಳಿಯದೇ ಕೊಂಡಿದ್ದರೂ ಕಾರು ಹೋಗುತ್ತದೆ, 24 ಲಕ್ಷವೂ ಹೋಗುತ್ತದೆ.

ಕಾಗದ ಶುದ್ಧವಾಗಿದ್ದರೂ ಕಾರು ಕೊಡಗಿಗೆ ಬರಬೇಕಾದರೆ ಹಿಮಾಚಲದ ಆರ್‌ಟಿಒದಿಂದ 28ನೇ ನಮೂನೆಯ ಎನ್‌ಒಸಿ, ಮಾಲೀಕತ್ವದ ಬದಲಾವಣೆಗೆ 29 ಮತ್ತು 30, ಹೊಸ ಕೆಎ-12 ನಂಬರಿಗೆ 27 ಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಹಳೆಯದಕ್ಕೆ ವಯಸ್ಸಿನ ಪ್ರಕಾರ ಇಳಿಯುತ್ತದೆ. ವಿದೇಶಿ ಕಾರಿಗೆ ಮೂಲ ಬೆಲೆ ಯಾವುದು ಎಂಬಲ್ಲೇ ತಕರಾರು ಹುಟ್ಟುವುದರಿಂದ, ಮಡಿಕೇರಿಯ ಆರ್‌ಟಿಒ ಕಚೇರಿಗೆ ಕಾಗದಗಳ ನಕಲು ಒಯ್ದು ತೆರಿಗೆಯ ಲೆಕ್ಕ ಮೊದಲೇ ಹಾಕಿಸಿಕೊಳ್ಳಿ. 15 ವರ್ಷ ದಾಟಿದ ವಿದೇಶಿ ಕಾರಿನ ನೋಂದಣಿ ನವೀಕರಣಕ್ಕೆ 40,000 ರೂಪಾಯಿ ಇತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ್ದಕ್ಕೆ 80,000 ಆಗಿದೆ, ಅದೂ ಐದು ವರ್ಷಕ್ಕೆ ಮಾತ್ರ. ಇಲ್ಲಿ ತಯಾರಾದ ಅಷ್ಟೇ ಹಳೆಯ ಕಾರಿಗೆ 10,000.

ಲೆವೋರ್ಗ್ ವಿಷಯ ಬೇಗ ಮುಗಿಸಬಹುದು. 2021ರಿಂದ ಬಂದ 2.4 ಲೀಟರ್ ಟರ್ಬೊದ, 275 ಪಿಎಸ್‌ನ ಲೆವೋರ್ಗ್ ಅದ್ಭುತ ವ್ಯಾಗನ್. ಕಾರು, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಮುಂಬೈ ಮುಟ್ಟುವಾಗ 25 ಲಕ್ಷ ಎಂದಿಟ್ಟುಕೊಳ್ಳಿ. ಬಳಸಿದ ಕಾರಿಗೆ ಆಮದು ಸುಂಕ ಮತ್ತು ಸೆಸ್ ಸೇರಿ ಶೇ 137.5, ಅಲ್ಲಿಗೆ 59 ಲಕ್ಷದ 37 ಸಾವಿರ. ಅದರ ಮೇಲೆ ಶೇ 40 ಜಿಎಸ್‌ಟಿ. 83 ಲಕ್ಷ ದಾಟಿತು. ಆಮೇಲೆ ಲೈಫ್ ಟ್ಯಾಕ್ಸ್ 15 ಲಕ್ಷದ ಹತ್ತಿರ. ಕಾರು ಮನೆ ಸೇರುವಾಗ ಒಂದು ಕೋಟಿ. ಭಾವ ಊರಿಗೆ ಮರಳುವಾಗ ತಮ್ಮ ಸಾಮಾನಿನ ಜೊತೆ ತಂದರೂ ಬ್ಯಾಗೇಜ್ ರಿಯಾಯಿತಿ ವಾಹನಕ್ಕೆ ಸಿಗುವುದಿಲ್ಲ. ಇಷ್ಟಾದ ಮೇಲೂ ಒಂಟಿ ಕಾರಿಗೆ ಬಿಎಸ್6 ಪ್ರಮಾಣಪತ್ರ ಪಡೆಯುವುದೇ ದೊಡ್ಡ ಕಗ್ಗಂಟು.

ಈಗ ಲೆಗಸಿಯ ಕಾಗದಗಳೆಲ್ಲ ನೆಟ್ಟಗಿವೆ ಎಂದುಕೊಳ್ಳೋಣ. ಆಗ ಬಾನೆಟ್ ಎತ್ತಿ. ಈ ಕಾರಿನ ಜೀವ ಇರುವುದು ಎರಡು ಟರ್ಬೊಗಳ ಹೊಂದಾಣಿಕೆಯಲ್ಲಿ. ಕಡಿಮೆ ಆರ್‌ಪಿಎಂನಲ್ಲಿ ಒಂದೇ ಟರ್ಬೊ ಕೆಲಸ ಮಾಡುತ್ತದೆ. 4,000ದಿಂದ 4,500ರ ಸುಮಾರಿಗೆ ಎರಡನೆಯದು ಸೇರಿಕೊಳ್ಳುತ್ತದೆ, ಆ ಕ್ಷಣ ಪಿಕಪ್ ಸ್ವಲ್ಪ ಬಿದ್ದು ಮತ್ತೆ ಏರುತ್ತದೆ. ಇದು ಹುಟ್ಟುಗುಣ, ರೋಗವಲ್ಲ. ಬಿದ್ದದ್ದು ಮತ್ತೆ ಏಳದಿದ್ದರೆ ರೋಗ. ಎರಡನೇ ಟರ್ಬೊವನ್ನು ತೆರೆದು ಮುಚ್ಚುವುದು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಕವಾಟಗಳು. ಅವುಗಳಿಗೆ ಆಜ್ಞೆ ಹೋಗುವುದು ಕಪ್ಪು ಡಬ್ಬಿಯೊಂದರಲ್ಲಿ ಕೂತ ಸೊಲೆನಾಯ್ಡ್ ಎಂಬ ಸಣ್ಣ ವಿದ್ಯುತ್ ಕವಾಟಗಳಿಂದ, ಸಣ್ಣ ರಬ್ಬರ್ ಹೋಸ್‌ಗಳ ದೊಡ್ಡ ಜಾಲದ ಮೂಲಕ. 25 ವರ್ಷ ಇಂಜಿನ್ ಬಿಸಿಯಲ್ಲಿ ಬೆಂದ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಒಂದು ಹೋಸ್ ಸೋರಿದರೂ ಎರಡನೇ ಟರ್ಬೊ ಮಲಗಿಬಿಡುತ್ತದೆ. ಮಾರುವವರು 'ಟರ್ಬೊ ಹೋಗಿದೆ, ಬದಲಾಯಿಸಿದರಾಯಿತು' ಅನ್ನುವ ಎಷ್ಟೋ ಕಾರುಗಳಲ್ಲಿ ಹೋಗಿರುವುದು ಇಂಥ ಒಂದು ತುಂಡು ರಬ್ಬರ್.

ಪರೀಕ್ಷೆಗೆ ಹುಣಸೂರು ದಾಟಿದ ಮೇಲಿನ ನೇರ ರಸ್ತೆ ಸಾಕು. ತಿತಿಮತಿ, ಆನೆಚೌಕೂರಿನ ಕಾಡಿನೊಳಗೆ ಬೇಡವೇ ಬೇಡ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಎರಡನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ 6,000ದ ತನಕ ಬಿಡಿ. ಒಂದು ಎಳೆತ, ಸಣ್ಣ ಬಿಡುವು, ಇನ್ನೊಂದು ಬಲವಾದ ಎಳೆತ ಬರಬೇಕು. ಬಿಡುವಿನ ನಂತರ ಕಾರು ಸೋಂಬೇರಿಯಾದರೆ, ಅಥವಾ ಚೆಕ್ ಇಂಜಿನ್ ದೀಪ ಹತ್ತಿದರೆ ಬೆಲೆ ಮಾತಾಡುವ ಮುನ್ನ ಕಾರಣ ಹುಡುಕಿಸಿ. ದೋಷ ಓದಲು ಪೇಟೆಯಲ್ಲಿ ಸಿಗುವ ಅಗ್ಗದ ಓಬಿಡಿ ಸ್ಕ್ಯಾನರ್ ಇದರ ಕಂಪ್ಯೂಟರ್ ಜೊತೆ ಮಾತಾಡದಿರಬಹುದು. ಸುಬಾರುವಿನ ಸೆಲೆಕ್ಟ್ ಮಾನಿಟರ್ ಪ್ರೋಟೊಕಾಲ್ ಓದುವ ಸಾಧನ ಇರುವ ಮೆಕ್ಯಾನಿಕ್ ಬೇಕು.

ಇದಕ್ಕಿಂತ ಮುಖ್ಯವಾದದ್ದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಯುವುದು. ಬಾಕ್ಸರ್ ಇಂಜಿನ್‌ನಲ್ಲಿ ಪ್ಲಗ್‌ಗಳು ಪಕ್ಕದಲ್ಲಿ, ಚಾಸಿಯ ಗೋಡೆಗೆ ತಾಗಿದಂತೆ ಇರುವುದರಿಂದ ಎರಡು ಗಂಟೆ ಹಿಡಿಯುತ್ತದೆ, ಮೆಕ್ಯಾನಿಕ್‌ಗೆ ಬೇಸರವೂ ಆಗುತ್ತದೆ. ಆದರೂ ಬಿಡಬೇಡಿ. ಇಂಜಿನ್ ಬೆಚ್ಚಗಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಪೆಟ್ರೋಲ್ ಪಂಪಿನ ಫ್ಯೂಸ್ ಕಳಚಿರಬೇಕು, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಕ್ರ್ಯಾಂಕ್ ಮಾಡಬೇಕು. ಆರೋಗ್ಯವಂತ ಇಂಜಿನ್ 140ರಿಂದ 170 ಪಿಎಸ್‌ಐ ತೋರಿಸುತ್ತದೆ. ಅಂಕಿಗಿಂತ ಸಮತೆ ಮುಖ್ಯ. ನಾಲ್ಕರ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಬೇಡ. ಒಂದೇ ಸಿಲಿಂಡರ್ ಕೆಳಗಿದ್ದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಬಿರಿದಿರುವ ಸಾಧ್ಯತೆ ದೊಡ್ಡದು. ಕಡಿಮೆ ಆಕ್ಟೇನ್ (ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣ) ಇರುವ ಪೆಟ್ರೋಲ್ ಹಾಕಿ ಟರ್ಬೊ ಒತ್ತಡದಲ್ಲಿ ಓಡಿಸಿದರೆ ಆಗುವುದೇ ಇದು.

ಶಬ್ದ ಕೇಳುವುದಕ್ಕೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ; ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿಟ್ಟಿರಿ. ತಣ್ಣಗಿರುವಾಗ ಟಕಟಕ ಅಂದು ಕೆಲವೇ ನಿಮಿಷದಲ್ಲಿ ನಿಂತರೆ ಅದು ಪಿಸ್ಟನ್ ಸಡಿಲದ್ದು, ಸುಬಾರುಗಳಲ್ಲಿ ಮಾಮೂಲು. ಬಿಸಿಯಾದ ಮೇಲೆ 2,500–3,000 ಆರ್‌ಪಿಎಂಗೆ ಏರಿಸಿ ಕಾಲು ತೆಗೆದಾಗ ಆಳದಿಂದ ಡಬಡಬ ಬಡಿತ ಬಂದರೆ ಅದು ಕನೆಕ್ಟಿಂಗ್ ರಾಡ್‌ನ ಬೇರಿಂಗ್. ಅಲ್ಲಿಗೆ ಇಂಜಿನ್ ಕೆಳಗಿಳಿಯಲೇಬೇಕು, ಆ ಕಾರು ಯಾವ ಬೆಲೆಗೂ ಬೇಡ. ಕೂಲೆಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಹೊಗೆಯನ್ನು ಗುರುತಿಸುವ ನೀಲಿ ದ್ರಾವಣದ ಪರೀಕ್ಷೆ ಮಾಡಿಸಿ. ದ್ರಾವಣ ಹಳದಿಗೆ ತಿರುಗಿದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಒಂದು ಲಕ್ಷ ಕಿ.ಮೀ. ಅದರ ಆಯುಸ್ಸು. ವಯಸ್ಸಾದ ಬೆಲ್ಟ್ ಓಡದಿದ್ದರೂ ಹಳತಾಗುತ್ತದೆ. ಅದು ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಟೆನ್ಷನರ್, ಐಡ್ಲರ್ ರಾಟೆಗಳು, ವಾಟರ್ ಪಂಪ್ ಒಟ್ಟಿಗೇ ಆಗಲಿ. ಹರಿಯುವುದಕ್ಕಿಂತ ಮುಂಚೆ ಬೆಲ್ಟ್ ಕಳಚಿಕೊಳ್ಳುವುದು ಐಡ್ಲರ್ ಬೇರಿಂಗ್ ಹಿಡಿದುಕೊಂಡಾಗ.

ಗೇರ್ ಬಾಕ್ಸ್ ಈ ಕಾರಿನ ದುರ್ಬಲ ಅಂಗ. 280 ಪಿಎಸ್‌ಗೆ ಆ ಐದು ಗೇರ್ ತೆಳು. ಎರಡರಿಂದ ಮೂರಕ್ಕೆ ಹಾಕುವಾಗ ಕರ್ ಅಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ. ಆಮೇಲೆ ಖಾಲಿ ಮೈದಾನದಲ್ಲಿ, ಇಲ್ಲವೇ ಒಣಗಿದ ಕಣದಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಕಾರು ತಡೆದು ತಡೆದು ಕುಪ್ಪಳಿಸಿದರೆ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ನಡುವಿನ ಡಿಫರೆನ್ಷಿಯಲ್‌ನ ವಿಸ್ಕಸ್ ಕಪ್ಲಿಂಗ್ ಬಿಗಿದಿದೆ, ಅಥವಾ ಟೈರ್‌ಗಳ ಅಳತೆ ಒಂದಕ್ಕೊಂದು ಹೊಂದುತ್ತಿಲ್ಲ. ನಾಲ್ಕೂ ಟೈರ್‌ಗಳ ಸುತ್ತಳತೆಯಲ್ಲಿ ಆರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಟೈರ್ ಕಲ್ಲಿಗೆ ಹರಿದರೂ ನಾಲ್ಕನ್ನೂ ಬದಲಾಯಿಸುವ ಪರಿಸ್ಥಿತಿ ಬರುತ್ತದೆ. ತೋಟದ ದಾರಿಯಲ್ಲಿ ಓಡಾಡುವವರು ಈ ಖರ್ಚನ್ನು ಮೊದಲೇ ಎಣಿಸಬೇಕು.

ಪೆಟ್ರೋಲ್ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಈ ಇಂಜಿನ್‌ಗೆ ಜಪಾನಿನಲ್ಲಿ ಹಾಕುತ್ತಿದ್ದುದು 'ಹೈ-ಆಕ್ಟೇನ್', ಕನಿಷ್ಠ 96. ನಮ್ಮ ಬಂಕ್‌ಗಳ ಇ20 ಪೆಟ್ರೋಲ್‌ನ ಮಾನಕ 95, ಹಾಗಾಗಿ ಆಕ್ಟೇನ್ ಅಂತರ ಈಗ ಸಣ್ಣದು. ಶೇ 20ರಷ್ಟಿರುವ ಎಥನಾಲ್‌ನ ಪಾಲು ಮಾತ್ರ ಸಣ್ಣದಲ್ಲ. ಎಥನಾಲ್ ಬೆರೆತ ಇಂಧನಕ್ಕೆ ಅಷ್ಟೇ ಗಾಳಿಗೆ ಹೆಚ್ಚು ಪ್ರಮಾಣ ಬೇಕು, ಸುಮಾರು ಶೇ 7–8. ಮೆಲ್ಲಗೆ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಸೆನ್ಸರ್ ಕಡೆ ನೋಡದೆ, 1999ರ ಶುದ್ಧ ಪೆಟ್ರೋಲ್‌ಗೆ ಬರೆದ ಲೆಕ್ಕದಂತೆ ಸಿಂಪಡಿಸುತ್ತದೆ. ಅತಿ ಹೆಚ್ಚು ಒತ್ತಡ ಇರುವ ಹೊತ್ತಿಗೇ ಇಂಧನ ಕಡಿಮೆ ಬೀಳುವುದು ಟರ್ಬೊ ಪಿಸ್ಟನ್‌ಗೆ ಅಪಾಯ. ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಗಾಳಿ–ಇಂಧನ ಪ್ರಮಾಣ ಅಳೆಸಿ, ಬೇಕಿದ್ದರೆ ತಿದ್ದಿಸಿ. ಇಂಧನದ ರಬ್ಬರ್ ಹೋಸ್‌ಗಳನ್ನೂ ಟ್ಯಾಂಕ್‌ನಿಂದ ಇಂಜೆಕ್ಟರ್ ತನಕ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಹಳೆಯ ರಬ್ಬರ್ ಉಬ್ಬಿ ಒಸರಿದರೆ ಬಿಸಿ ಟರ್ಬೊದ ಮೇಲೆ ಪೆಟ್ರೋಲ್ ಬೀಳುತ್ತದೆ. 100 ಆಕ್ಟೇನ್ ಪೆಟ್ರೋಲ್ ಬೆಂಗಳೂರಿನಂಥ ಊರಿನ ಕೆಲವೇ ಬಂಕ್‌ಗಳಲ್ಲಿ ಸಿಗುತ್ತದೆ; ದಿನಬಳಕೆಗೆ ಅದನ್ನು ನೆಚ್ಚಿಕೊಳ್ಳಲಾಗದು. ಲೀಟರ್‌ಗೆ 7ರಿಂದ 9 ಕಿ.ಮೀ. ಎಂದು ಲೆಕ್ಕ ಹಾಕಿ.

ಇನ್ನು ನಮ್ಮ ಊರಿನ ಹವೆ. ಟರ್ಬೊದಿಂದ ಬಂದ ಬಿಸಿಗಾಳಿ ತಣಿಸುವ ಲೆಗಸಿಯ ಇಂಟರ್‌ಕೂಲರ್ ಇಂಜಿನ್ ಮೇಲೆ, ಬಾನೆಟ್‌ನ ಬಾಯಿಯ ಕೆಳಗಿದೆ. ಸಿಲ್ವರ್ ಓಕ್ ಎಲೆ ಆ ಬಾಯಿಯೊಳಗೆ ಬಿದ್ದು ರೆಕ್ಕೆಗಳನ್ನು ಮುಚ್ಚುತ್ತದೆ. ವಿಂಡ್‌ಸ್ಕ್ರೀನ್ ಬುಡದ ನೀರಿನ ದಾರಿ ಕಟ್ಟಿದರೆ ಮಳೆನೀರು ಒಳಗಿನ ಕಾರ್ಪೆಟ್‌ಗೆ ಇಳಿಯುತ್ತದೆ, ಜುಲೈ ಮುಗಿಯುವಾಗ ಸೀಟಿನ ತುಂಬ ಬೂಷ್ಟು. ಇಲಿಗಳಂತೂ ಆ ಸಣ್ಣ ರಬ್ಬರ್ ಹೋಸ್‌ಗಳನ್ನು ಕಡಿಯುವುದರಲ್ಲಿ ನಿಸ್ಸೀಮರು. ತೋಟದ ಮನೆಯ ಶೆಡ್‌ನಲ್ಲಿ ನಿಲ್ಲಿಸುವವರು ನಾಲ್ಕು ಮಿ.ಮೀ. ಒಳ ಅಳತೆಯ ಸಿಲಿಕಾನ್ ಹೋಸ್ ಹತ್ತು ಮೀಟರ್ ಮನೆಯಲ್ಲೇ ಇಟ್ಟುಕೊಳ್ಳಬೇಕು. ಹಿಂದಿನ ಚಕ್ರದ ಕಮಾನಿನ ಒಳಮಡಿಕೆಯನ್ನು ಬೆರಳಿನಿಂದ ಒತ್ತಿ ನೋಡಿ. ಹಿಮಕ್ಕೆ ಉಪ್ಪು ಎರಚುವ ಹೊಕ್ಕೈಡೊ ಕಡೆ ಓಡಿದ ಕಾರಾದರೆ ಅಲ್ಲಿಂದಲೇ ತುಕ್ಕು ಹಿಡಿದಿರುತ್ತದೆ, ನಮ್ಮ ಮಳೆ ಮಿಕ್ಕದ್ದನ್ನು ಮುಗಿಸುತ್ತದೆ. ನೆಲದಿಂದ ಎತ್ತರ ಸುಮಾರು 15 ಸೆಂ.ಮೀ. ಮಾತ್ರ, ನಾಲ್ವರು, ನಾಯಿಗಳು, ಎರಡು ಚೀಲ ಕಾಫಿ ಹೇರಿದ ಮೇಲೆ ಕಲ್ಲುದಾರಿಯಲ್ಲಿ ಅಡಿ ತಾಗದೆ ಇರದು. ಸಣ್ಣ ವಿಷಯವೂ ಒಂದಿದೆ: ಜಪಾನಿನ ಹಳೆಯ ಕಾರ್ ರೇಡಿಯೊ 90 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ, ಮಡಿಕೇರಿ ಆಕಾಶವಾಣಿಯ 103.1 ಅದರಲ್ಲಿ ಬರುವುದಿಲ್ಲ. ಸೆಟ್ ಬದಲಾಯಿಸಬೇಕು.

ಬಿಡಿಭಾಗಕ್ಕೆ ಇಲ್ಲಿ ಸುಬಾರು ಡೀಲರ್ ಇಲ್ಲ. ಜಪಾನ್, ದುಬೈ, ಆಸ್ಟ್ರೇಲಿಯಾಗಳಿಂದ ತರಿಸಬೇಕು, ಸುಂಕ ಕಟ್ಟಬೇಕು, ಕಾಯಬೇಕು. ಆರ್ಡರ್ ಮಾಡುವಾಗ 'ಬಿಎಚ್5' ಅಂದರೆ ಸಾಲದು. ಅದರ ಮುಂದೆ ಎಯಿಂದ ಡಿ ತನಕ ಇರುವ ಅಕ್ಷರದಲ್ಲಿ ವರ್ಷದ ಬದಲಾವಣೆ ಅಡಗಿದೆ, ಬಾನೆಟ್ ಒಳಗಿನ ತಗಡಿನಿಂದ ಪೂರ್ತಿ ಬರೆದುಕೊಳ್ಳಿ. ಕಾರಿನ ಬೆಲೆಯ ಕಾಲುಭಾಗ ಮೊದಲ ವರ್ಷದ ರಿಪೇರಿಗೆ ಎತ್ತಿಡಲಾಗದಿದ್ದರೆ ಇದಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ.

ಫಾರೆಸ್ಟರ್‌ಗೆ ಬರೋಣ. ಷೆವರ್ಲೆ ಲಾಂಛನ ಹೊತ್ತಿದ್ದರೂ ಅದು ಅಪ್ಪಟ ಸುಬಾರು, ಜಪಾನಿನಲ್ಲಿ ತಯಾರಾಗಿ ಕಂಪನಿಯಿಂದಲೇ ನೇರ ಮಾರ್ಗದಲ್ಲಿ ಬಂದದ್ದು. ಅದೇ ಎರಡು ಲೀಟರ್ ಬಾಕ್ಸರ್ ಕುಟುಂಬ, ಟರ್ಬೊ ಇಲ್ಲ, ಶಕ್ತಿ 120ರ ಆಸುಪಾಸು. ಲೆಗಸಿಯ ಎಳೆತ ಇದರಲ್ಲಿ ಸಿಗುವುದಿಲ್ಲ, ಸಿಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಂಪಾಜೆ ಘಾಟಿಯ ಒದ್ದೆ ತಿರುವಿನಲ್ಲಿ ನಾಲ್ಕೂ ಚಕ್ರ ನೆಲ ಕಚ್ಚಿ ಹೋಗುವ ಆ ಸುಬಾರು ಗುಣ ಇದರಲ್ಲೂ ಪೂರ್ತಿ ಇದೆ. ನೆಲದಿಂದ ಎತ್ತರ ಸುಮಾರು 19 ಸೆಂ.ಮೀ., ಟರ್ಬೊ ಹೋಸ್‌ಗಳ ಜಾಲವಿಲ್ಲ, ಪಿಸ್ಟನ್ ಮೇಲೆ ಒತ್ತಡ ಕಡಿಮೆ, ಆದ್ದರಿಂದ ಇ20ಯ ಭಯವೂ ಕಡಿಮೆ. ಇಂಧನದ ರಬ್ಬರ್ ಹೋಸ್ ಮಾತ್ರ ಇದಕ್ಕೂ ಬದಲಾಗಲಿ.

ಇದರಲ್ಲಿ ನೋಡಬೇಕಾದದ್ದು: ಬೆಲ್ಟ್ ಮತ್ತು ವಾಟರ್ ಪಂಪಿನ ಬಿಲ್, ಹೆಡ್ ಗ್ಯಾಸ್ಕೆಟ್‌ನ ಕೆಳ ಅಂಚಿನಲ್ಲಿ ಆಯಿಲ್ ಅಥವಾ ಕೂಲೆಂಟ್ ಒಸರಿದ ಕಲೆ, ಹಿಂದಿನ ಚಕ್ರದ ಬೇರಿಂಗ್‌ನ ಗುಂಯ್ ಶಬ್ದ, ಏರಿನಲ್ಲಿ ಕ್ಲಚ್ ಬಿಡುವಾಗ ನಡುಕ. ಈ ತಲೆಮಾರಿನ ಕೆಲವು ಫಾರೆಸ್ಟರ್‌ಗಳಲ್ಲಿ ಹಿಂದಿನ ಶಾಕ್ ತಾನೇ ಎತ್ತರ ಸರಿಮಾಡಿಕೊಳ್ಳುವ ಜಾತಿಯದು. ಕಾರಿನ ಹಿಂಭಾಗ ಖಾಲಿಯಿರುವಾಗಲೇ ಕುಗ್ಗಿದ್ದರೆ ಅದು ಹೋಗಿದೆ. ಅದನ್ನೇ ಹುಡುಕುತ್ತ ಕೂರುವ ಬದಲು ಸಾಮಾನ್ಯ ಶಾಕ್ ಮತ್ತು ಸ್ಪ್ರಿಂಗ್ ಎರಡನ್ನೂ ಒಟ್ಟಿಗೆ ಹಾಕಿಸಬಹುದು. ಶಾಕ್ ಮಾತ್ರ ಬದಲಾಯಿಸಿದರೆ ಹಿಂಭಾಗ ಇನ್ನೂ ಕೂರುತ್ತದೆ.

ಕಾಗದದಲ್ಲಿ ಎರಡು ಸೂಕ್ಷ್ಮ. 2005ರ ಕಾರಿಗೆ 2020ರಲ್ಲಿ ಒಮ್ಮೆ ಎಫ್‌ಸಿ (ಓಡಲು ಯೋಗ್ಯ ಎಂಬ ತಪಾಸಣೆ) ಆಗಿ ನೋಂದಣಿ ನವೀಕರಿಸಿರಬೇಕು, ಆ ಐದು ವರ್ಷವೂ ಮುಗಿದಿದೆ. ಮುಂದಿನ ನವೀಕರಣ ಮಾರುವವರೇ ಮಾಡಿಸಿ ಕೊಡಲಿ. ಪರಿವಾಹನ್ ದಾಖಲೆಯಲ್ಲಿ ಈ ಕಾರು ವಿದೇಶಿ ಎಂದು ನಮೂದಾಗಿದ್ದರೆ ಶುಲ್ಕ 80,000, ಇಲ್ಲವಾದರೆ 10,000. ನಾಲ್ಕು ಲಕ್ಷದ ಕಾರಿಗೆ ಇದು ಚೌಕಾಸಿಯಲ್ಲಿ ಸೇರಬೇಕಾದ ದುಡ್ಡು. ಇನ್ನೊಂದು, ಬಾನೆಟ್ ಮೇಲೆ ಗಾಳಿಯ ಬಾಯಿ ಕಂಡರೆ, ಇಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ, ಯಾರೋ ಟರ್ಬೊ ಇಂಜಿನ್ ಕೂರಿಸಿದ್ದಾರೆ. ನಿಮ್ಮ ಮನಸ್ಸು ಅದರತ್ತ ಎಳೆಯಬಹುದು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಲ್ಲಿರುವ ಮೂಲ ವಿವರ ಬದಲಾಗುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಂಥ ಕಾರು ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತದೆ, ಅಪಘಾತವಾದರೆ ವಿಮೆಯವರು ಕೈ ಎತ್ತಲು ನೆಪವಾಗುತ್ತದೆ.

ಈ ವಾರ ಎರಡು ಕೆಲಸ ಮಾಡಿ. ಕಣ್ಣೂರಿನವರಿಂದ ಬಿಲ್ ಆಫ್ ಎಂಟ್ರಿಯ ಎಲ್ಲ ಪುಟಗಳ, ಆರ್‌ಸಿಯ ಮತ್ತು ಇಂಜಿನ್ ಹಿಂದಿನ ಗೋಡೆಯಲ್ಲಿ ಒತ್ತಿದ ಚಾಸಿ ನಂಬರಿನ ಫೋಟೊ ತರಿಸಿಕೊಳ್ಳಿ. ಮೂರರಲ್ಲೂ ಒಂದೇ ಸಂಖ್ಯೆ ಇದ್ದು, ಬಂದರಿನ ದಿನಾಂಕ 2002ರ ಒಳಗಿದ್ದರೆ ಮಾತ್ರ ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಕೇರಳದ ದಾರಿಯ ಪೆರುಂಬಾಡಿ ದಾಟಿ. ಫೋಟೊ ಕಳಿಸಲು ಒಂದಲ್ಲ ಒಂದು ಸಬೂಬು ಬಂದರೆ ಆ ವಿಚಾರ ಅಲ್ಲಿಗೇ ಬಿಟ್ಟು, ಫಾರೆಸ್ಟರ್ ನೋಡಲು ಬೆಳಿಗ್ಗೆ ಬೇಗ, ಇಂಜಿನ್ ತಣ್ಣಗಿರುವಾಗಲೇ ಬೆಂಗಳೂರು ಮುಟ್ಟಿ.